ಫೋಮ್ ಕಟರ್, ಭಾಗ 3: ಆ ಒಂದು ಓಮ್ ಎಲ್ಲಿಂದ ಬಂತು?

ಬಿಸಿ ತಂತಿಯಿಂದ ಫೋಮ್ ಕತ್ತರಿಸುವ ಕಟರಿನ ಫ್ರೇಮ್, ಸ್ಪ್ರಿಂಗ್, ಸ್ವಿಚ್ ಎಲ್ಲಾ ಮುಗಿದಿದೆ. ಅವುಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕಟರ್ ಓಡುತ್ತಿತ್ತು, ಆದರೆ ಎಮ್ಮೆ ನಡಿಗೆಯಲ್ಲಿ. ಗ್ಲೈಡರ್ ರೆಕ್ಕೆಗೆ ಇಟ್ಟಿದ್ದ ಫೋಮನ್ನು ಕತ್ತರಿಸುವ ಬದಲು ತಂತಿ ಅದನ್ನು ಎಳೆಯುತ್ತಿತ್ತು. (ಗಣೇಶನ ಮಂಟಪಕ್ಕೂ ಮಾಡಿಕೊಡಿ ಅಂತ ನಮ್ಮ ಕುವೆಂಪುನಗರದ ಹುಡುಗರು ಕೇಳಿದ್ದರು. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ನಿಷೇಧ ಕಣ್ರಪ್ಪಾ, ಆಗಲ್ಲ ಎಂದೆ.)

ಲೆಕ್ಕ ಹೀಗಿತ್ತು. 26 ಎಸ್‌ಡಬ್ಲ್ಯುಜಿ (ಬ್ರಿಟಿಷ್ ಗೇಜ್, ಅಂದರೆ ತಂತಿಯ ದಪ್ಪದ ನಂಬರ್) ನೈಕ್ರೋಮ್ ತಂತಿ, 60 ಸೆಂಟಿಮೀಟರ್. ಮೀಟರಿಗೆ ಸುಮಾರು 6.65 ಓಮ್, ಅಂದರೆ ನನ್ನ ತುಂಡಿಗೆ 4 ಓಮ್. 12 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿದರೆ 3 ಆಂಪಿಯರ್, 36 ವ್ಯಾಟ್. ಈ ಉದ್ದಕ್ಕೆ ಧಾರಾಳ.

ಮೀಟರ್ ತೋರಿಸಿದ್ದು 2.4 ಆಂಪಿಯರ್. 12 ಭಾಗಿಸು 2.4, ಉತ್ತರ 5 ಓಮ್. ಒಂದು ಓಮ್ ಜಾಸ್ತಿ!

ಇಲ್ಲಿಂದ ತಲೆನೋವು ಶುರು. ಯಾಕೆಂದರೆ 5 ಓಮ್ ಅನ್ನುವುದು ಸುಮ್ನೆ ಬಂದ ಸಂಖ್ಯೆಯಂತೆ ಕಾಣಲಿಲ್ಲ. ಅದೇ 26 ನಂಬರ್ ಎಡಬ್ಲ್ಯುಜಿ (ಅಮೆರಿಕದ ಗೇಜ್) ಆಗಿದ್ದರೆ ತಂತಿ ಇನ್ನೂ ತೆಳು: 0.457 ಮಿಲಿಮೀಟರ್ ಬದಲು 0.405. ಆಗ 60 ಸೆಂಟಿಮೀಟರಿಗೆ ಬರುವುದು 5.07 ಓಮ್. ಎಷ್ಟು ಚೆನ್ನಾಗಿ ಹೊಂದುತ್ತೆ ಅಲ್ವಾ? "ಅಂಗಡಿಯವನು ಟೋಪಿ ಹಾಕಿದ್ದಾನೆ, ವಾಪಸ್ ಕಳಿಸು" ಎಂದು ಗೆಳೆಯ ತೀರ್ಪನ್ನೇ ಕೊಟ್ಟುಬಿಟ್ಟ. ತಂತಿ ಕಳಿಸಿದ ಆ ಆನ್‌ಲೈನ್ ಅಂಗಡಿಯ ಚೀಟಿಯಲ್ಲಿ ಇದ್ದದ್ದು ಬರೀ "26 ಗೇಜ್". ಯಾವ ಗೇಜ್ ಮಾರಾಯ? ಅರ್ಧ ಪದ ಜಾಸ್ತಿ ಅಚ್ಚು ಹಾಕಿದರೆ ಶಾಯಿ ಮುಗಿದುಹೋಗುತ್ತಿತ್ತೇ?

ಸ್ಕ್ರೂ ಗೇಜ್ ತಂದು ಅಳೆದೆ. 0.46. ತಂತಿ ನಿರ್ದೋಷಿ. ಬಿಚ್ಚಿ ಮಲ್ಟಿಮೀಟರಿಗೆ ಹಚ್ಚಿದರೆ 4.3 ಓಮ್, ಪ್ರೋಬ್ ಎರಡನ್ನೂ ಮುಟ್ಟಿಸಿದರೆ 0.3 (ಅದು ಪ್ರೋಬ್‌ಗಳದೇ). ಕಳೆದರೆ ಅದೇ 4.

ಹಾಗಾದರೆ ಬಿಸಿಯಾದಾಗ ಏರುತ್ತಾ? ನೈಕ್ರೋಮ್ ಬಲ್ಬಿನ ಟಂಗ್‌ಸ್ಟನ್ ಅಲ್ಲ. 60 ವ್ಯಾಟ್ ಬಲ್ಬ್ ಉರಿಯುವಾಗ 230ರ ವರ್ಗ ಭಾಗಿಸು 60, ಸುಮಾರು 882 ಓಮ್. ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗವೂ ಇರಲ್ಲ. ನೈಕ್ರೋಮ್ ಈ ಬಿಸಿಗೆ ಶೇಕಡಾ ಕೆಲವೇ ಅಂಶ ಏರುತ್ತದೆ. ಶೇಕಡಾ 25 ಸಾಧ್ಯವೇ ಇಲ್ಲ.

ಆಮೇಲೆ ಎರಡನೇ ಮೀಟರ್ ಹಿಡಿದು, ಕರೆಂಟ್ ಹರಿಯುತ್ತಿರುವಾಗಲೇ ತಂತಿಯ ಎರಡು ತುದಿಗೆ ಪ್ರೋಬ್ ಒತ್ತಿದೆ. 9.8 ವೋಲ್ಟ್! ಎಸ್‌ಎಂಪಿಎಸ್ ಬಾಯಲ್ಲಿ ಮಾತ್ರ ಸರಿಯಾಗಿ 12. ಈಗ 9.8 ಭಾಗಿಸು 2.4 ಮಾಡಿ: 4.08 ಓಮ್. 2.4 ಆಂಪಿಯರ್ ಎಲ್ಲ ಕಡೆಯೂ ಒಂದೇ, ಸರಣಿ ತಾನೇ. ಆದರೆ 12 ವೋಲ್ಟ್ ಇಡೀ ದಾರಿಯದು, ತಂತಿಯದಲ್ಲ.

ನಾಪತ್ತೆಯಾದ 2.2 ವೋಲ್ಟನ್ನು ತುಂಡು ತುಂಡಾಗಿ ಹುಡುಕಿದೆ. ಎಸ್‌ಎಂಪಿಎಸ್‌ನಿಂದ ತಂತಿಗೆ ಹಾಕಿದ್ದ ಎರಡು ಕ್ರೊಕೊಡೈಲ್ ಕ್ಲಿಪ್ ವೈರ್‌ಗಳಲ್ಲಿ ಒಂದೊಂದರಲ್ಲೂ 0.9. ಉಳಿದ 0.4 ವೋಲ್ಟ್, ಆಂಪಿಯರ್ ನೋಡುತ್ತಿದ್ದ ಮೀಟರ್ ಮತ್ತು ಅದರ ಪ್ರೋಬ್‌ಗಳದ್ದು. ಕ್ಲಿಪ್ ವೈರ್ ಒಂದೊಂದೂ 2.16 ವ್ಯಾಟ್ ತಿಂದು ಬೆಚ್ಚಗೆ ಕೂತಿತ್ತು. ಫೋಮಿಗೆ ಸಿಗುತ್ತಿದ್ದದ್ದು 36 ಅಲ್ಲ, 23.5 ವ್ಯಾಟ್.

ಕ್ಲಿಪ್ ವೈರಿನ ಸಿಪ್ಪೆ ಸುಲಿದೆ. ತಾಮ್ರದ ಬಣ್ಣ ಚೆಂದ ಇದೆ. ಅಯಸ್ಕಾಂತ ತೋರಿಸಿದೆ, ಹೋಗಿ ಅಂಟಿಕೊಂಡಿತು! ಒಳಗೆ ಕಬ್ಬಿಣ, ಮೇಲೆ ತಾಮ್ರದ ಪೌಡರ್ ಸ್ನೋ. ಕಬ್ಬಿಣದ ರೋಧ ತಾಮ್ರಕ್ಕಿಂತ ಸುಮಾರು ಆರು ಪಟ್ಟು. ಅದೂ ಕೂದಲಿನಂಥ ನಾಲ್ಕು ಎಳೆ. ಪ್ಯಾಕೆಟ್ ಮೇಲೆ "ಹೆವಿ ಡ್ಯೂಟಿ" ಅಂತ ಬೇರೆ ಬರೆದಿತ್ತು. ಯಾರ ಡ್ಯೂಟಿಯೋ!

ಮನೆ ವೈರಿಂಗಿನಲ್ಲಿ ಉಳಿದಿದ್ದ 1.5 ಚದರ ಮಿಲಿಮೀಟರ್ ತಾಮ್ರದ ವೈರ್, ಎರಡು ಸ್ಕ್ರೂ ಟರ್ಮಿನಲ್. ಈಗ ತಂತಿಯ ಮೇಲೆ 11.5 ವೋಲ್ಟ್, 2.8 ಆಂಪಿಯರ್, 32.2 ವ್ಯಾಟ್. ಫೋಮ್ ಸರಾಗವಾಗಿ ಕತ್ತರಿಸಿಕೊಳ್ಳುತ್ತಿದೆ. ಉಳಿದ ಅರ್ಧ ವೋಲ್ಟ್ ಹೆಚ್ಚುಕಮ್ಮಿ ಪೂರ್ತಿ ಮೀಟರಿನದೇ. ಅಳೆದಾದ ಮೇಲೆ ಅದೂ ಎದ್ದು ಹೋಗುತ್ತದೆ.

ಇದರ ನಡುವೆಯೇ ದೊಡ್ಡ ಕಟರ್ ತಲೆಗೆ ಹೊಕ್ಕಿದೆ. 1.2 ಮೀಟರ್ ತಂತಿ, 8 ಓಮ್, 24 ವೋಲ್ಟ್. ಆಂಪಿಯರ್ ಅದೇ 3, ವೈರಿನ ನಷ್ಟವೂ ಅಷ್ಟೇ, ಕೆಲಸ ಮಾತ್ರ 72 ವ್ಯಾಟಿನದು. ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದೂ ಈ ಲೆಕ್ಕಕ್ಕೇ. ಅಷ್ಟೇ ಪವರಿಗೆ ವೋಲ್ಟ್ ಎರಡು ಪಟ್ಟಾದರೆ ಆಂಪಿಯರ್ ಅರ್ಧ, ತಂತಿಯ ನಷ್ಟ ಕಾಲು ಭಾಗ.

ಅದಕ್ಕೂ ಮೊದಲು ಒಂದು ಮಿಲಿಓಮ್ ಮೀಟರ್ ಬೇಕು. ಮನೆಯಲ್ಲಿರುವ ವೈರ್‌ಗಳಿಗೆಲ್ಲ ಪರೀಕ್ಷೆ ಮಾಡಬೇಕಿದೆ. ಎಲ್‌ಎಂ317 ಎಂಬ ವೋಲ್ಟೇಜ್ ರೆಗ್ಯುಲೇಟರ್ ಐಸಿಯಿಂದ 1 ಆಂಪಿಯರ್ ಹರಿಸಿದರೆ ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿಓಮ್. ಆ ಐಸಿ ಹಿಡಿದಿಡುವ 1.25 ವೋಲ್ಟಿಗೆ 1.2 ಓಮ್ ರೆಸಿಸ್ಟರ್ ಹಾಕಿದರೆ 1.04 ಆಂಪಿಯರ್, ಸಾಕು. 5 ವ್ಯಾಟಿನದು ಕೇಳಿದ್ದೆ. ಅಂಗಡಿಯವರು ಕೊಟ್ಟದ್ದು 12 ಓಮ್, ಕಾಲು ವ್ಯಾಟಿನ ಒಂದು ಪ್ಯಾಕೆಟ್. ಬದಲಾಯಿಸಿ ಕೊಡಲ್ವಂತೆ. ಹತ್ತನ್ನು ಪ್ಯಾರಲಲ್ ಹಾಕಿದರೆ 1.2 ಓಮ್ ಬರುತ್ತದೆ, ಒಂದೊಂದಕ್ಕೆ 0.13 ವ್ಯಾಟ್. ಹಾಗೇ ಹಾಕುತ್ತೇನೆ, ಅವರಿಗೆ ಹೇಳಬೇಡಿ.