ಅವಳು ಯಾಕೆ ಬಾಯಿಬಿಟ್ಟು ಹೇಳಲ್ಲ?

ಸಿನಿಮಾ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹುಡುಗಿ ತೆರೆ ಮೇಲೆ ಯಾಕೆ ಅಷ್ಟು ಹೊತ್ತು ಸುಮ್ನೆ ಇರ್ತಾಳೆ? ನಡೆದದ್ದನ್ನು ಹೇಳಿಬಿಡಬಹುದು ಅಲ್ವಾ?

ಅವಳು ಹೇಳುತ್ತಲೇ ಇರುತ್ತಾಳೆ ಅನ್ನುವುದು ನನ್ನ ಉತ್ತರ. ಭಯ ಮಿತಿ ಮೀರಿದಾಗ ಎಷ್ಟೋ ಜನರ ಮೈ ಮರಗಟ್ಟುತ್ತದೆ, ಗಂಟಲಿಂದ ದನಿ ಹೊರಡುವುದಿಲ್ಲ. ಆಮೇಲೂ ನೆನಪು ಚೂರುಚೂರಾಗಿ ಬರುತ್ತದೆ. ಒಂದು ವಾಸನೆ, ಬಾಗಿಲು ಹಾಕಿದ ಸದ್ದು, ಅಷ್ಟೇ. ಮೊದಲಿಂದ ಕೊನೆವರೆಗೆ ಜೋಡಿಸಿ ಹೇಳು ಅಂದರೆ ಅವಳು ಎಲ್ಲಿಂದ ಶುರು ಮಾಡಬೇಕು?

ಎಲೈಜಾ ಹಿಟ್‌ಮನ್ ಅವರ 'ನೆವರ್ ರೇರ್ಲಿ ಸಮ್‌ಟೈಮ್ಸ್ ಆಲ್ವೇಸ್' (2020) ಚಿತ್ರದಲ್ಲಿ 17 ವರ್ಷದ ಆಟಂ ಗರ್ಭಪಾತಕ್ಕೆಂದು ನ್ಯೂಯಾರ್ಕಿಗೆ ಬಂದಿರುತ್ತಾಳೆ. ಅಲ್ಲಿನ ಆಪ್ತ ಸಮಾಲೋಚಕಿ ಮೆಲ್ಲಗೆ ಒಂದೊಂದೇ ಪ್ರಶ್ನೆ ಕೇಳುತ್ತಾಳೆ. ಉತ್ತರಕ್ಕೆ ನಾಲ್ಕೇ ಪದ: ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಯಾವಾಗಲೂ. ಸಂಗಾತಿ ಬಲವಂತ ಮಾಡಿದ್ದಾನಾ ಅನ್ನುವ ಕಡೆಗೆ ಪ್ರಶ್ನೆ ತಿರುಗಿದಾಗ ಆ ನಾಲ್ಕು ಪದಗಳೂ ಅವಳಿಗೆ ಭಾರವಾಗುತ್ತವೆ. ಕಣ್ಣು ಪಕ್ಕಕ್ಕೆ ಸರಿಯುತ್ತದೆ, ತುಂಬಿಕೊಳ್ಳುತ್ತದೆ. ಕ್ಯಾಮೆರಾ ಆ ಮುಖ ಬಿಟ್ಟು ಅಲುಗಾಡುವುದಿಲ್ಲ. ಏನಾಗಿತ್ತು, ಯಾರು ಮಾಡಿದ್ದು ಅಂತ ಚಿತ್ರ ಬಿಡಿಸಿ ಹೇಳುವುದೇ ಇಲ್ಲ. ಹಿಂದಿನ ಘಟನೆಯನ್ನು ತೋರಿಸುವುದೂ ಇಲ್ಲ. ಇದನ್ನು ನೋಡುವಾಗ ನಾನು ಉಸಿರು ಹಿಡಿದು ಕೂತಿದ್ದೆ.

ಎಲ್ಲ ಮೌನವೂ ಹೀಗಿರುವುದಿಲ್ಲ. ಷವರ್ ಕೆಳಗೆ ಕೂತು ಮೈ ಉಜ್ಜಿಕೊಳ್ಳುವುದು, ಕಿಟಕಿ ಹೊರಗೆ ದಿಟ್ಟಿಸುವುದು, ಹಿಂದೆ ಪಿಟೀಲು. ಇಂಥವನ್ನು ಎಷ್ಟು ಸಲ ನೋಡಿಲ್ಲ? ಅಲ್ಲಿ ಆ ಹುಡುಗಿಗೆ ತನ್ನದು ಅನ್ನುವಂಥದ್ದು ಏನೂ ಉಳಿದಿರುವುದಿಲ್ಲ. ಅವಳ ಜಾಗದಲ್ಲಿ ಯಾರನ್ನು ಕೂರಿಸಿದರೂ ದೃಶ್ಯ ನಡೆಯುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಹಳೆಯ 'ಜಾನಿ ಬೆಲಿಂಡಾ' (1948) ಬಗ್ಗೆ ನನ್ನ ಮನಸ್ಸು ಇನ್ನೂ ಎರಡು ಕಡೆ ಎಳೆಯುತ್ತದೆ. ಕಿವಿ ಕೇಳದ, ಮಾತು ಬಾರದ ಬೆಲಿಂಡಾಳಾಗಿ ಜೇನ್ ವೈಮನ್ ಒಂದು ಮಾತೂ ಆಡದೆ ಆಸ್ಕರ್ ಗೆದ್ದರು. ಆ ಕಣ್ಣು, ಆ ಕೈಸನ್ನೆ ಮರೆಯುವಂಥದ್ದಲ್ಲ. ಆದರೆ ಕೋರ್ಟಿನಲ್ಲಿ ಸತ್ಯ ಹೊರಬೀಳುವುದು ಅವಳ ಕೈಯಿಂದಲ್ಲ, ಇನ್ನೊಬ್ಬಳ ಬಾಯಿಂದ. ಅವಳಿಗೆ ಸನ್ನೆ ಭಾಷೆ ಕಲಿಸಿದ ಚಿತ್ರವೇ ಕೊನೆಗೆ ಆ ಭಾಷೆಯನ್ನು ಸಾಲದು ಅಂದ ಹಾಗಾಯಿತು.

ಲಾರಿ ಹಾಲ್ಸ್ ಆಂಡರ್ಸನ್ ಕಾದಂಬರಿಯಿಂದ ಮಾಡಿದ 'ಸ್ಪೀಕ್' (2004) ಬೇರೆ ದಾರಿ ಹಿಡಿಯುತ್ತದೆ. ಹೈಸ್ಕೂಲಿಗೆ ಆಗಷ್ಟೇ ಸೇರಿದ ಮೆಲಿಂಡಾ ಮಾತು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟಿರುತ್ತಾಳೆ. ಚಿತ್ರಕಲೆ ತರಗತಿಯಲ್ಲಿ ಅವಳ ಪಾಲಿಗೆ ಬಂದ ವಿಷಯ ಒಂದೇ: ಮರ. ವರ್ಷವಿಡೀ ಅದನ್ನೇ ಮಾಡಬೇಕು. ಸರಿಬರುವುದಿಲ್ಲ, ಮತ್ತೆ ಮಾಡುತ್ತಾಳೆ. ಉಳಿದವರೆಲ್ಲ ಯಾಕೆ ಮಾತಾಡಲ್ಲ ಅಂತ ಕೇಳುತ್ತಿರುವಾಗ, ಆ ತರಗತಿಯ ಮೇಷ್ಟ್ರು ಅವಳ ಮರವನ್ನು ನೋಡುತ್ತಾರೆ.