ಎರಡು ಡಿಗ್ರಿ ಇಟ್ಟುಕೊಂಡು ಮಾಡೋದೇನು?

ಮುಂಬೈ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಏನೇ ಕಾರ್ಯಕ್ರಮ ಇರಲಿ, ಒಬ್ಬರಾದರೂ ನನ್ನನ್ನು ಹಿಡಿದು ಕೇಳುತ್ತಾರೆ. "ಲಾ ಓದಿದ್ದೀಯ, ಎಕನಾಮಿಕ್ಸ್ ಎಂ.ಎ. ಬೇರೆ. ಕೋರ್ಟಿಗೂ ಹೋಗಲ್ಲ, ಬ್ಯಾಂಕಿಗೂ ಹೋಗಲ್ಲ. ಮತ್ತೆ ಮಾಡೋದೇನಪ್ಪ?" ಪಬ್ಲಿಕ್ ಪಾಲಿಸಿ (ಸರ್ಕಾರದ ಕಾಯ್ದೆ, ನೀತಿಗಳ ಕೆಲಸ) ಅಂದರೆ, ಎಲ್‌ಐಸಿನಾ ಅಂದವರೂ ಇದ್ದಾರೆ.

ಈಗೀಗ ದೊಡ್ಡಮ್ಮನ ಮನೆ ಕಥೆ ಹೇಳಿಬಿಡುತ್ತೇನೆ.

ದೊಡ್ಡಮ್ಮ ಇರುವುದು ದಾದರಿನಲ್ಲಿ, ಸಾಲು ಕೋಣೆಗಳ ಹಳೇ ಚಾಳಿನ ಮೂರನೇ ಮಾಳಿಗೆಯಲ್ಲಿ. ಮರದ ಮೆಟ್ಟಿಲು. ತಿರುವಿನಲ್ಲಿ ತೊಲೆ ಬೀಳದಿರಲಿ ಅಂತ ಕಬ್ಬಿಣದ ಕಂಬ ಕೊಟ್ಟಿದ್ದಾರೆ. ಅದಕ್ಕೆ ಹಗ್ಗ ಕಟ್ಟಿ ಯಾರೋ ಟವೆಲ್ ಒಣಹಾಕಿರುತ್ತಾರೆ. ತಿಂಗಳ ಬಾಡಿಗೆ ಅವರ ಒಂದು ವಾರದ ತರಕಾರಿ ಖರ್ಚಿಗಿಂತ ಕಮ್ಮಿ.

ಇಷ್ಟು ಕಮ್ಮಿ ಯಾಕೆ ಅಂದರೆ, 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೇ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಉದ್ದೇಶ ಒಳ್ಳೆಯದೇ, ಬಾಡಿಗೆದಾರ ಬೀದಿಗೆ ಬೀಳಬಾರದು. ಆದರೆ ಮರ, ಸಿಮೆಂಟು, ಗಾರೆಯವರ ಕೂಲಿಯನ್ನು ಯಾರೂ ಕಟ್ಟಿಹಾಕಲಿಲ್ಲ. ಮಾಲೀಕರು ರಿಪೇರಿ ಕೈಬಿಟ್ಟರು. ದುಡ್ಡು ಪಗಡಿ ಅಂತ, ಅಂದರೆ ಮನೆ ಹಿಡಿಯುವಾಗ ಬಾಡಿಗೆಯ ಹೊರತಾಗಿ ಕೊಡುವ ಇಡುಗಂಟು ಅಂತ, ಹಿಂಬಾಗಿಲು ಹುಡುಕಿಕೊಂಡಿತು. ಆ ಕಾಯ್ದೆಯಲ್ಲಿ ಪಗಡಿ ತಗೊಳ್ಳೋದು ಅಪರಾಧ, ಆದರೂ ಊರಿಡೀ ನಡೆಯುತ್ತಿತ್ತು.

1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಒಂದು ಕಾಲಕ್ಕೆ ಸರಿಯಿದ್ದ ಈ ಬಾಡಿಗೆ ನಿಯಮ ಈಗ ಸಮಂಜಸವಲ್ಲ ಅಂದಿತು. ಕೇಸಿನ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. (ಬಾಂಬೆ ಬಾಡಿಗೆ ಜಗಳದಲ್ಲೂ ನಮ್ಮ ಮಲ್ಪೆ ನೋಡಿ!) ಕಾಯ್ದೆಯ ಅವಧಿ ಹೇಗೂ 1998ರ ಮಾರ್ಚಿಗೆ ಮುಗಿಯುವುದಿತ್ತು, ಹಾಗಾಗಿ ಕೋರ್ಟು ಅದನ್ನು ರದ್ದು ಮಾಡಲಿಲ್ಲ. ಮುಂದೆ 1999ರ ಹೊಸ ಕಾಯ್ದೆ ಬಂತು. ಪಗಡಿಯನ್ನು ಒಪ್ಪಿಕೊಂಡಿತು, ವರ್ಷಕ್ಕೆ ಶೇ. 4ರಷ್ಟು ಬಾಡಿಗೆ ಏರಿಸಲು ಬಿಟ್ಟಿತು.

ನನ್ನ ಕೆಲಸ ಶುರುವಾಗೋದು ಇಲ್ಲೇ. ವಕೀಲ ಓದಿ, ಮಾಲೀಕನಿಗೆ ಹಕ್ಕು ಸಿಕ್ಕಿತಲ್ಲ ಅನ್ನುತ್ತಾನೆ. ಅರ್ಥಶಾಸ್ತ್ರದವನು ಕೇಳುತ್ತಾನೆ: ಯಾವುದರ ಮೇಲೆ ಶೇ. 4? ನೂರು ರೂಪಾಯಿ ಬಾಡಿಗೆಗೆ ಮೊದಲ ವರ್ಷ ಏರೋದು ನಾಲ್ಕೇ ರೂಪಾಯಿ. ಅದರಲ್ಲಿ ತೊಲೆ ರಿಪೇರಿ ಆಗುತ್ತಾ? ಬರೀ ಅರ್ಥಶಾಸ್ತ್ರದವನಾದರೆ ಎಲ್ಲಾ ಮಾರುಕಟ್ಟೆಗೆ ಬಿಡಿ ಅಂದು ಎದ್ದು ಹೋಗುತ್ತಾನೆ. ಬಾಡಿಗೆದಾರನಿಗೆ ಕೊಟ್ಟ ಹಕ್ಕನ್ನು ಸುಮ್ನೆ ಕಿತ್ತುಕೊಳ್ಳೋಕಾಗಲ್ಲ ಅನ್ನೋದು ಅವನಿಗೆ ಹೊಳೆಯುವುದಿಲ್ಲ. ಇಂಥ ಕಾಯ್ದೆಗಳ ಕರಡು ಓದುತ್ತಾ ಈ ಇಬ್ಬರ ಜಗಳ ಒಂದೇ ತಲೆಯಲ್ಲಿ ಆಡಿಸಿ, ಒಂದು ವಾಕ್ಯ ತಿದ್ದಿ ಕಳಿಸುವುದಕ್ಕೆ ನನಗೆ ಸಂಬಳ. ತಿದ್ದಿದ್ದು ಜಾಸ್ತಿ ಸಲ ಉಳಿಯುವುದಿಲ್ಲ, ಅದು ಬೇರೆ ಮಾತು.

ಲಾ, ಎಕನಾಮಿಕ್ಸ್ ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳೋದೇನೂ ಹೊಸದಲ್ಲ. ಇದೇ ಮುಂಬೈಯಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದ ಅಂಬೇಡ್ಕರರೇ 1935ರಲ್ಲಿ ಗವರ್ನಮೆಂಟ್ ಲಾ ಕಾಲೇಜಿನ ಪ್ರಿನ್ಸಿಪಾಲರಾದರು.

ಇಷ್ಟನ್ನೂ ಒಮ್ಮೆ ದೊಡ್ಡಮ್ಮನಿಗೇ ವಿವರಿಸಿದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿದರು: "ಅಂದ್ರೆ ನನ್ನ ಬಾಡಿಗೆ ಜಾಸ್ತಿ ಮಾಡ್ಸೋಕೆ ನಿಂಗೆ ಸಂಬಳ ಕೊಡ್ತಾರೆ, ಅಲ್ವಾ?"