ಕತ್ತರಿ ಹಚ್ಚದ ಸೆರಗು

ಬೆಳಿಗ್ಗೆ 10 ಗಂಟೆಗೆ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದದ್ದು ಇಷ್ಟು: ಕತ್ತರಿ 4, ಸೂಜಿ 11. ನೆರೆ ನುಗ್ಗಿದ ಊರಿನಲ್ಲಿ ಕೌದಿ, ಅಂದರೆ ಹಳೆ ಬಟ್ಟೆ ಪದರು ಪದರಾಗಿ ಕೂಡಿಸಿದ ಹೊದಿಕೆ, ಹೊಲಿಯಲು ಬಂದವರೂ 11 ಮಂದಿ ಹೆಂಗಸರೇ. ಅವರ ಹೆಸರು ಬರೆದುಕೊಳ್ಳಲಿಲ್ಲ. ಮನೆಯಲ್ಲಿ ಏನೇನು ಹೋಯಿತು ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಅವರು ಅಷ್ಟರಲ್ಲಾಗಲೇ ಸರ್ವೆಗೆ ಬಂದವರಿಗೆ, ಅಕ್ಕಿ ಹಂಚಲು ಬಂದವರಿಗೆ, ಮೈಕ್ ಹಿಡಿದು ಬಂದವರಿಗೆ ಉತ್ತರ ಕೊಟ್ಟು ಕೊಟ್ಟು ಸೋತಿದ್ದರು. ಹೇಳಿ ಹೇಳಿ ಆ ಮಾತು ಬಾಯಿಪಾಠವಾಗಿತ್ತು. ಹೇಳುವವರ ಕಣ್ಣು ಬೇರೆಲ್ಲೋ ಇರುತ್ತಿತ್ತು.

2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳಿಗೆ ನುಗ್ಗಿತ್ತು. ಇದು ನಡೆದದ್ದು ಅದಾಗಿ 5 ತಿಂಗಳ ಮೇಲೆ, ಸಂಕ್ರಾಂತಿ ಮುಗಿದ ವಾರ, ಅಂಥದೊಂದು ಊರಿನ ಸಮುದಾಯ ಭವನದಲ್ಲಿ. ನೀರು ಇಳಿದ ಮೇಲೆ ಮನೆಗಳಿಂದ ಎಳೆದು ಬಿಸಾಡಿದ ಸಾಮಾನಿನಲ್ಲಿ ಕೌದಿಗಳ ರಾಶಿಯೇ ಇತ್ತು. ನಾಲ್ಕೈದು ಪದರಿನ ಕೌದಿ ಕೆಸರುನೀರು ಕುಡಿದರೆ ಇಬ್ಬರು ಹಿಡಿದರೂ ಎತ್ತುವುದು ಕಷ್ಟ. ಮೇಲೆ ಒಣಗಿದಂತೆ ಕಂಡರೂ ಒಳಪದರು ಬೂಷ್ಟು ಹಿಡಿಯುತ್ತದೆ. ಅತ್ತೆಯ ಸೀರೆ, ಮಾವನ ಧೋತರ, ಮಕ್ಕಳ ಕುಂಚಿಗೆ, ಎಲ್ಲ ಕೂಡಿಸಿ ಹೊಲಿದ ಮನೆತನದ ನೆನಪು ಹಾಗೆ ತಿಪ್ಪೆ ಸೇರಿತ್ತು. ಅದಕ್ಕೇ ಬಣ್ಣವೂ ಬೇಡ, ಜೇಡಿಮಣ್ಣೂ ಬೇಡ, ಕೌದಿಯನ್ನೇ ಹೊಲಿಯೋಣ ಅಂದುಕೊಂಡದ್ದು. ಇನ್ನೊಂದು ಕಾರಣವೂ ಇತ್ತು. ಕಾಗದ, ಬಣ್ಣ ಮುಂದಿಟ್ಟರೆ "ನಮಗ ಚಿತ್ರಾ ತಗಿಯಾಕ ಬರೂದಿಲ್ರಿ" ಎಂಬ ಮಾತೇ ಮೊದಲು ಬರುತ್ತದೆ. ಆಮೇಲೆ ಇಡೀ ದಿನ ಅವರು ವಿದ್ಯಾರ್ಥಿಗಳು, ಕಲಿಸುವವರು ಮೇಷ್ಟ್ರು. ಸೂಜಿ ಕೊಟ್ಟರೆ ಲೆಕ್ಕ ತಿರುಗುತ್ತದೆ. ಕೈಮೇಲಾದವರು ಅವರು. ಎಲ್ಲ ಕೈತಪ್ಪಿ ಹೋಯಿತು ಎಂದುಕೊಂಡವರಿಗೆ ಇದು ಸಣ್ಣ ವಿಷಯವಲ್ಲ.

ದೊಡ್ಡ ಕೌದಿ ಒಂದು ದಿನದಲ್ಲಿ ಆಗುವುದಿಲ್ಲ, ಹದಿನೈದು ದಿನವಾದರೂ ಬೇಕು. ಒಂದು ದಿನಕ್ಕೆ ಆಗುವ ಅಳತೆ ಒಂದು ಮೊಳ ಉದ್ದ, ಒಂದು ಮೊಳ ಅಗಲ, ಅಂದರೆ ಹೆಚ್ಚೂಕಡಿಮೆ 18 ಇಂಚಿನ ಚೌಕ. ಕೆಳಗೆ ಧೋತರದ ಒಂದು ಪದರು, ನಡುವೆ ಹಳೆ ಸೀರೆಯ ಎರಡು ಪದರು, ಮೇಲೆ ಅವರವರಿಗೆ ಬೇಕಾದ ತುಂಡುಗಳು. 4 ಪದರಿಗಿಂತ ಹೆಚ್ಚಾದರೆ ಸೂಜಿ ನುಗ್ಗದು, ಬೆರಳು ನೊಂದು ಅರ್ಧಕ್ಕೇ ಬಿಡುತ್ತಾರೆ. ಎಲ್ಲ ಹತ್ತಿಬಟ್ಟೆಯೇ ಇರಬೇಕು. ನೈಲಾನ್ ಸೀರೆ ಸೇರಿತೆಂದರೆ ಪದರು ಜಾರುತ್ತದೆ. ಒಬ್ಬೊಬ್ಬರಿಗೆ ಅಂಗೈಯಗಲದ 15–20 ತುಂಡು ಆರಿಸಿಕೊಳ್ಳುವಷ್ಟು ರಾಶಿ ನಡುವೆ ಇರಬೇಕು, ಅದರಲ್ಲಿ ಇಳಕಲ್ಲ ಸೀರೆಯ ಚೂರು, ಗುಳೇದಗುಡ್ಡದ ಖಣದ ಚೂರು ಇದ್ದೇ ಇರಬೇಕು. ಅವರ ಮೈಮೇಲೆ ಇದ್ದ ಬಟ್ಟೆ ಅವು. ಹೊಸ ಬಟ್ಟೆ ಅಂಗಡಿಯಿಂದ ತಂದಿಟ್ಟರೆ ಮುಟ್ಟಲು ಹಿಂಜರಿಯುತ್ತಾರೆ, ಹಾಳಾದೀತೆಂಬ ಭಯ.

ಕೂರುವ ಬಗೆಯಲ್ಲೂ ಲೆಕ್ಕವಿದೆ. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಬಾಗಿಲು ತೆರೆದೇ ಇರಬೇಕು. 12 ಮಂದಿಗಿಂತ ಹೆಚ್ಚು ಬೇಡ, ನಡೆಸುವವರು ಇಬ್ಬರು ಇರಲೇಬೇಕು: ಒಬ್ಬರು ಎದ್ದು ಹೊರಗೆ ಹೋದರೆ ಅವರ ಹಿಂದೆ ಹೋಗಲು ಒಬ್ಬರು, ಉಳಿದವರ ಜೊತೆ ಕೂರಲು ಒಬ್ಬರು. ಕತ್ತರಿಯ ತುದಿ ಮೊಂಡಾಗಿರಬೇಕು. ಎಣಿಸಿ ಕೊಟ್ಟು ಎಣಿಸಿ ಪಡೆಯುವುದು ಏಕೆಂದು ಬಿಡಿಸಿ ಹೇಳಬೇಕಿಲ್ಲ. ದುಃಖದ ಕೋಣೆಯಲ್ಲಿ ಹರಿತವಾದ ವಸ್ತುವಿನ ಲೆಕ್ಕ ತಪ್ಪಬಾರದು.

ಇಷ್ಟೆಲ್ಲ ಯೋಚಿಸಿಯೂ ಒಂದು ತಪ್ಪಾಯಿತು. ಬಟ್ಟೆ ಗಂಟನ್ನು ಹಿಂದಿನ ದಿನ ಒಗೆದು, ಪೂರ್ತಿ ಒಣಗುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದೆವು. ಚೀಲ ಬಿಚ್ಚಿದ ಕೂಡಲೇ ಹಸಿಬಟ್ಟೆಯ ಆ ಮುಗ್ಗಲು ವಾಸನೆ ಕೋಣೆ ತುಂಬಿತು. ಗೋಡೆಗೊರಗಿದ್ದ ಒಬ್ಬ ಹೆಂಗಸಿನ ಕೈ ಸೆರಗಿನ ತುದಿಯಲ್ಲಿ ನಿಂತುಬಿಟ್ಟಿತು. ಉಸಿರು ಮೇಲೆ ಮೇಲೆ. ಕರೆದರೆ ಉತ್ತರವಿಲ್ಲ, ಕಣ್ಣು ತೆರೆದೇ ಇದ್ದರೂ ನೋಟ ಅಲ್ಲಿಲ್ಲ. ಐದು ತಿಂಗಳ ಹಿಂದಿನ ಮನೆಯೊಳಗೆ, ಕೆಸರಿನಲ್ಲಿ, ಆಕೆ ಮತ್ತೆ ನಿಂತಿದ್ದರು.

ಇಂಥ ಹೊತ್ತಿನಲ್ಲಿ "ಸಮಾಧಾನ ಮಾಡ್ಕೋರಿ" ಅನ್ನುವುದರಿಂದ ಏನೂ ಆಗದು. ಕೇಳದೆ ಹೆಗಲು ಮುಟ್ಟಿದರೆ ಇನ್ನೂ ಬೆಚ್ಚುತ್ತಾರೆ. ಮೊದಲು ಚೀಲ ಹೊರಗೆ ಹೋಯಿತು. ಒಬ್ಬರು ಆಕೆಯ ಎದುರಿಗಲ್ಲ, ಪಕ್ಕಕ್ಕೆ, ಒಂದು ಮೊಳ ದೂರ ಬಿಟ್ಟು ಕೂತರು. ದನಿ ಎತ್ತದೆ, ಇರುವುದನ್ನೇ ಹೇಳುತ್ತ ಹೋದರು: "ಅಕ್ಕಾರ, ನಾವೀಗ ಸಮುದಾಯ ಭವನದಾಗ ಅದೀವಿ. ಬಾಗಲಾ ತೆರದೈತಿ. ಹೊರಗ ಬಿಸಲೈತಿ. ನಿಮ್ಮ ಕಾಲು ನೆಲದ ಮ್ಯಾಲೈತಿ, ನೆಲ ಒಣಗೇತಿ." ಒಂದು ನಿಂಬೆಹಣ್ಣು ಕೈಗೆ ಕೊಟ್ಟು ಉಗುರಿನಿಂದ ಸಿಪ್ಪೆ ಕೆರೆಯಲು ಹೇಳಿದ್ದಾಯಿತು. ವಾಸನೆ ಒಯ್ದ ಕಡೆಯಿಂದ ಬೇರೊಂದು ವಾಸನೆಯೇ ಬೇಗ ಕರೆದು ತರುತ್ತದೆ. ನಾಲ್ಕೈದು ನಿಮಿಷ ಹಿಡಿಯಿತು. ಆಕೆ ಬಾಗಿಲ ಕಡೆ ನೋಡಿ "ಬಟ್ಟಿ ಬಿಸಲಿಗಿ ಹಾಕ್ರಿ" ಅಂದರು. ಆ ದಿನದ ಮೊದಲ ಅಪ್ಪಣೆ ಅದು, ಮತ್ತು ಸರಿಯಾದ ಅಪ್ಪಣೆ. ಬಟ್ಟೆಯನ್ನೆಲ್ಲ ಕಟ್ಟೆಯ ಮೇಲೆ ಹರವಿ, ಒಣಗುವವರೆಗೆ ಚಹಾ ಕುಡಿದು, 11.30ಕ್ಕೆ ಹೊಲಿಗೆ ಶುರುವಾಯಿತು.

ಹೀಗೇಕಾಗುತ್ತದೆ ಎಂಬುದು ತಿಳಿದಿರಬೇಕು. ದೊಡ್ಡ ಆಘಾತದ ನೆನಪು ಮೊದಲು, ಆಮೇಲೆ, ಕೊನೆಗೆ ಎಂಬ ಕ್ರಮದಲ್ಲಿ ಕೂರುವುದಿಲ್ಲ. ವಾಸನೆಯಾಗಿ, ಸದ್ದಾಗಿ, ಹೊಟ್ಟೆ ತೊಳಸಿದ ಹಾಗೆ, ಚೂರು ಚೂರಾಗಿ ಉಳಿಯುತ್ತದೆ. ಆಘಾತದ ನೆನಪು ಕೆದಕಿದಾಗ ಮಿದುಳಿನ ಎಡಭಾಗದಲ್ಲಿರುವ, ಮಾತು ಕಟ್ಟುವ ಬ್ರೋಕಾ ಭಾಗದ ಚಟುವಟಿಕೆ ತಗ್ಗಿದ್ದನ್ನು 1996ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನವೊಂದು ತೋರಿಸಿತ್ತು. "ಬಾಯಿ ಕಟ್ಟಿತು" ಎಂದು ನಮ್ಮವರು ಅನ್ನುವುದು ಬರಿಯ ಮಾತಲ್ಲ. ಹಾಗಿರುವಾಗ ಮಾತಿನಿಂದಲೇ ಶುರುಮಾಡಿ ಎಂದು ಹಟ ಹಿಡಿಯುವುದು ಮುರಿದ ಕಾಲಿನಲ್ಲಿ ಓಡು ಅಂದಂತೆ. ಕೈಗೆ ಬೇರೆ ದಾರಿಯಿದೆ. ಮುಂದಿನ ಹೊಲಿಗೆ ಎಲ್ಲಿ ಬೀಳುತ್ತದೆ ಎಂದು ಕೈಗೆ ಗೊತ್ತಿರುತ್ತದೆ. ಮುಂದೇನು ಎಂಬ ಭಯದಲ್ಲೇ ಐದು ತಿಂಗಳು ಕಳೆದ ಮೈಗೆ ಅದೇ ಒಂದು ಆಸರೆ. 2016ರಲ್ಲಿ ಅಮೆರಿಕದಲ್ಲಿ 39 ಮಂದಿಯನ್ನು 45 ನಿಮಿಷ ಕಲೆಯ ಕೆಲಸಕ್ಕೆ ಕೂರಿಸಿ ಅಳೆದಾಗ ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದಿತ್ತು. ಆದರೆ ಅವರು ಆರೋಗ್ಯವಾಗಿದ್ದ ಸಾಮಾನ್ಯ ಜನ. ಅದನ್ನೇ ಹಿಡಿದು ಹೊಲಿಗೆ ಔಷಧಿಯೆಂದು ಸಾರುವುದು ತಪ್ಪಾಗುತ್ತದೆ.

ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಒಳಕ್ಕೆ ಸುತ್ತುತ್ತ ಹೋಗುತ್ತದೆ. ಮೊದಲು ಪದರುಗಳನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ನಾಲ್ಕು ಬೆರಳಿಗೊಂದರಂತೆ ಕಚ್ಚಾ ಹೊಲಿಗೆ ಹಾಕಬೇಕು. ಇದನ್ನು ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ, ಆಗ ಬಿಚ್ಚುವುದೊಂದೇ ದಾರಿ. ಮನಸ್ಸು ದಣಿದವರಿಗೆ ಬಿಚ್ಚುವ ಕೆಲಸ ಕೊಡಬಾರದು. ದಾರ ಎರಡೆಳೆ, ಮೊಳಕ್ಕಿಂತ ತುಸು ಉದ್ದ. ಇನ್ನೂ ಉದ್ದ ತೆಗೆದರೆ ಗಂಟು ಬೀಳುತ್ತದೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ದಾರ ಬಿಗಿಯಾಗಿ ಎಳೆದರೆ ಸುಕ್ಕು, ಸಡಿಲ ಬಿಟ್ಟರೆ ಕಾಲುಂಗುರಕ್ಕೆ ಸಿಕ್ಕಿ ಹರಿಯುತ್ತದೆ. ಆ ದಿನ ಮೊದಲ ಎರಡು ಸುತ್ತಿನ ಹೊಲಿಗೆಯಲ್ಲಿ ಬಹುತೇಕ ಎಲ್ಲರದೂ ಬಿಗಿ. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಹೊಲಿಗೆ ಬಿಗಿತ ಬಿಟ್ಟು ಸಮವಾಗಿತ್ತು. ಯಾರೂ ಹೇಳಿಕೊಡಲಿಲ್ಲ. ಉಸಿರು ಸಮವಾದದ್ದು ಹೊಲಿಗೆಯಲ್ಲಿ ಕಂಡಿತು. ಅಷ್ಟು ಹೊತ್ತಿಗೆ ಮಾತೂ ಶುರುವಾಗಿತ್ತು, ತಲೆಯೆತ್ತದೆ, ಸೂಜಿಯ ಮೇಲೆ ಕಣ್ಣಿಟ್ಟುಕೊಂಡೇ. ಕಣ್ಣಿಗೆ ಕಣ್ಣು ಕೊಡದೆ ಆಡುವ ಮಾತು ಹಗುರ. ಅಲ್ಲಿ ಆಡಿದ್ದು ಅಲ್ಲೇ ಉಳಿಯಬೇಕೆಂದು ಮಾತಾಗಿತ್ತು, ಆದ್ದರಿಂದ ಇಲ್ಲಿ ಅದನ್ನು ಬರೆಯುತ್ತಿಲ್ಲ.

ಬಟ್ಟೆಯ ಮೇಲೆ ಕಂಡದ್ದನ್ನು ಮಾತ್ರ, ಆಕೆಯೇ ಒಪ್ಪಿದ್ದರಿಂದ, ಹೇಳಬಹುದು. ಅರವತ್ತು ದಾಟಿದ ಅವ್ವ ಒಬ್ಬರು ಮನೆಯಿಂದ ಕಾಗದದಲ್ಲಿ ಸುತ್ತಿ ಒಂದು ಟೋಪ ಸೆರಗಿನ ತುಂಡು ತಂದಿದ್ದರು. ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ಹಾಸಿನ ಎಳೆಗಳನ್ನು ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ; ಆ ಕೊಂಡಿಯ ಗುಂಟ ಕೆಸರಿನ ಕಂದು ಗೆರೆ, ಎಷ್ಟು ಒಗೆದರೂ ಹೋಗದ್ದು, ಕೂತಿತ್ತು. ಅದು ಯಾರ ಸೀರೆಯೆಂದು ಕೇಳಲಿಲ್ಲ. ಅಳತೆಗೆ ಅದು ದೊಡ್ಡದು. ಪಕ್ಕದವರು ಕತ್ತರಿ ಚಾಚಿದಾಗ ಅವ್ವನ ಅಂಗೈ ಸೆರಗಿನ ಮೇಲೆ ಬಿತ್ತು. "ಇದಕ್ಕ ಕತ್ತರಿ ಹಚ್ಚಬ್ಯಾಡ್ರಿ."

ಇಂಥಲ್ಲಿ ನಡೆಸುವವರ ಕೈ ಕಡಿಯುತ್ತದೆ, ಏನಾದರೂ ಸಲಹೆ ಕೊಟ್ಟುಬಿಡೋಣ ಅನಿಸುತ್ತದೆ. ಕೊಡಬಾರದು. ಅವ್ವ ಬಹಳ ಹೊತ್ತು ಸೆರಗನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಕೊನೆಗೆ ಕಲೆಯ ಭಾಗ ಒಳಗೆ ಬರುವಂತೆ ನಾಲ್ಕು ಮಡಿಕೆ ಮಾಡಿ, ನಡುವಿನ ಎರಡು ಪದರಿನ ಮಧ್ಯೆ ಇಟ್ಟು, ಮೇಲೆ ಬೇರೆ ತುಂಡು ಹೊದಿಸಿದರು. ಹೊರಗಿನಿಂದ ಕಾಣುವುದಿಲ್ಲ, ಕೈಯಾಡಿಸಿದರೆ ದಪ್ಪ ಸಿಗುತ್ತದೆ. ಆ ದಪ್ಪದಲ್ಲಿ ಸೂಜಿ ನುಗ್ಗದೆಂದು ಅದರ ಮೇಲೆ ಹೊಲಿಯದೆ ಸುತ್ತಲೂ ಹೊಲಿದರು. ಏನನ್ನು ತೋರಿಸಬೇಕು, ಏನನ್ನು ಮುಚ್ಚಿಡಬೇಕು, ಎಲ್ಲಿಯವರೆಗೆ ಸೂಜಿ ಬರಬಹುದು ಎಂಬುದನ್ನು ಅವರೇ ತೀರ್ಮಾನಿಸಿದ್ದರು. ದನಿ ಸಿಗುವುದು ಅಂದರೆ ಎಲ್ಲವನ್ನೂ ಹೇಳಿಬಿಡುವುದೆಂದು ಅನೇಕರು ತಿಳಿಯುತ್ತಾರೆ. ಹೇಳದೆ ಇರುವ ಹಕ್ಕು ಮೊದಲು ಕೈಗೆ ಬರಬೇಕು. ಆಮೇಲೆ ಹೇಳುವ ಮಾತಿಗೆ ತೂಕ.

ಸೂಜಿದಾರದ ಈ ಬಗೆಯ ಮಾತಿಗೆ ಚಿಲಿ ದೇಶದ ಹೆಂಗಸರ ನೆನಪು ಬಾರದೆ ಇರದು. 1973ರ ಸೆಪ್ಟೆಂಬರ್ 11ರಂದು ಸೇನಾಮುಖ್ಯಸ್ಥ ಪಿನೊಷೆಯ ಸೇನೆ ಅಧಿಕಾರ ಹಿಡಿದ ಮೇಲೆ ಗಂಡಂದಿರು, ಮಕ್ಕಳು ಕಾಣೆಯಾದ ಮನೆಗಳ ಹೆಂಗಸರು ಸ್ಯಾಂಟಿಯಾಗೊದ ಚರ್ಚಿನ ಆಸರೆಯಲ್ಲಿ ಕೂಡಿ, ಹಿಟ್ಟಿನ ಚೀಲದ ಒರಟು ಬಟ್ಟೆಯ ಮೇಲೆ ಚಿಂದಿ ಹೊಲಿದು ಚಿತ್ರ ಮಾಡಿದರು. ಅವಕ್ಕೆ ಆರ್ಪಿಯೇರಾ ಎಂದು ಹೆಸರು. ಹಿಂದೆ ಆಂಡಿಸ್ ಬೆಟ್ಟ, ಮೇಲೆ ಸೂರ್ಯ, ಮುಂದೆ ಪುಟ್ಟ ಬಟ್ಟೆಗೊಂಬೆಗಳು, ಅವುಗಳ ಕೈಯಲ್ಲಿ "ಅವರೆಲ್ಲಿ?" ಎಂಬ ಫಲಕ. ಕಾಣೆಯಾದವರ ಅಂಗಿಯ ಚೂರುಗಳೂ ಕೆಲವದರಲ್ಲಿ ಸೇರಿದವು. ಕೆಲವದರ ಬೆನ್ನಿಗೆ ಸಣ್ಣ ಜೇಬು ಹೊಲಿದು ಒಳಗೆ ಚೀಟಿ ಇಡುತ್ತಿದ್ದರು. ಬಾಯಿಬಿಟ್ಟು ಹೇಳಿದರೆ ಜೈಲು ಕಾದಿದ್ದ ಕಾಲದಲ್ಲಿ ಆ ಬಟ್ಟೆಗಳು ದೇಶದಾಚೆ ಹೋಗಿ ಸುದ್ದಿ ಮುಟ್ಟಿಸಿದವು, ಮಾರಿ ಬಂದ ಹಣ ಮನೆಯ ಒಲೆ ಉರಿಸಿತು. ಅವ್ವನ ಒಳಪದರಿನ ಸೆರಗು ಮತ್ತು ಆ ಜೇಬಿನ ಚೀಟಿ ಒಂದೇ ಕುಲದವು ಎಂದು ನಮ್ಮ ನಂಬಿಕೆ.

ಮಧ್ಯಾಹ್ನದ ರೊಟ್ಟಿ, ಶೇಂಗಾ ಚಟ್ನಿ ಮುಗಿದ ಮೇಲೆ 3 ಗಂಟೆಗೆ ತುಂಡುಗಳನ್ನು ನೆಲದ ಮೇಲೆ ಹಾಸಿ ನೋಡಿದ್ದು. ಒತ್ತಾಯವಿಲ್ಲ. ಇಬ್ಬರು ತಮ್ಮದನ್ನು ಮಡಿಸಿ ತೊಡೆಯ ಮೇಲೆಯೇ ಇಟ್ಟುಕೊಂಡರು. ಇಲ್ಲಿ ನಡೆಸುವವರು ಮಾಡುವ ತಪ್ಪುಗಳೇ ಹೆಚ್ಚು. "ಭಾಳ ಚೆಂದ ಆಗೇತಿ" ಎಂದು ಒಬ್ಬರಿಗೆ ಹೇಳಿದರೆ ಉಳಿದ ಹತ್ತು ಮಂದಿಗೆ ಅದು ಪರೀಕ್ಷೆಯಾಗುತ್ತದೆ. "ಈ ಕೆಂಪು ಏನು, ರಕ್ತವೇ?" ಎಂದು ಅರ್ಥ ಹಚ್ಚುವುದು ಇನ್ನೂ ಕೆಟ್ಟದ್ದು. "ಎಲ್ಲಿಂದ ನೋಡಾಕ ಶುರು ಮಾಡ್ಲಿ?" ಎಂದಷ್ಟೇ ಕೇಳಿದರೆ ಸಾಕು, ಹೊಲಿದವರು ಬೆರಳಿಟ್ಟು ತೋರಿಸುತ್ತಾರೆ. ಫೋಟೊ ಬೇಡ. ಪ್ರದರ್ಶನಕ್ಕೆ ಕೊಡುತ್ತೀರಾ ಎಂದು ಅದೇ ದಿನ ಕೇಳಬಾರದು. ಮನಸ್ಸು ಬಿಚ್ಚಿಕೊಂಡ ಹೊತ್ತಿನಲ್ಲಿ ಹೂಂ ಅಂದವರು ವಾರ ಕಳೆದ ಮೇಲೆ ಪರಿತಪಿಸುತ್ತಾರೆ. ತುಂಡು ಹೊಲಿದವರದು, ಅವರ ಜೊತೆಗೇ ಹೋಗಬೇಕು.

ಹೊಲಿಗೆಯಿಂದ ಗೋಡೆ ಏಳುವುದಿಲ್ಲ, ಪರಿಹಾರದ ಹಣ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಸೂರಿಲ್ಲದ ಮೊದಲ ವಾರಗಳಲ್ಲಿ ಇಂಥ ಕೂಟ ಮಾಡುವುದು ಕ್ರೌರ್ಯ. ಆಗ ಬೇಕಾದದ್ದು ಅನ್ನ, ಒಣಬಟ್ಟೆ, ರಾತ್ರಿ ಮಲಗಲು ಭದ್ರ ಜಾಗ. ತಿಂಗಳು ಕಳೆದರೂ ನಿದ್ದೆಯಿಲ್ಲ, ಆ ದೃಶ್ಯವೇ ಮರುಕಳಿಸುತ್ತದೆ, ಸಾಯಬೇಕು ಅನಿಸುತ್ತದೆ ಅನ್ನುವವರು ಕೌದಿಯ ಜೊತೆಗೆ ವೈದ್ಯರ ಬಳಿ ಹೋಗಲೇಬೇಕು. 2022ರ ಅಕ್ಟೋಬರಿನಿಂದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೌದಿಯ ಸುತ್ತು ಮುಗಿಯುವುದು ನಡುವಿನಲ್ಲಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಫೂಲ, ಅಂದರೆ ಹೂವು, ಇಡದೆ ಕೌದಿ ಮುಗಿಯಿತು ಅನ್ನುವುದಿಲ್ಲ. ಕೆಲವು ಕಡೆ ಕೊನೆಯ ತುಂಡು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿಯನ್ನೋ ರೊಟ್ಟಿಯ ಚೂರನ್ನೋ ಇಡುತ್ತಾರೆ, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು. ಬಟ್ಟೆ ಬಿಸಿಲಿಗೆ ಹಾಕಿಸಿದ ಆ ಅಕ್ಕ ತನ್ನ ಊಟದ ರೊಟ್ಟಿಯಲ್ಲಿ ಒಂದು ಚೂರು ಎತ್ತಿಟ್ಟುಕೊಂಡಿದ್ದರು. ಅದನ್ನು ಒಳಗಿಟ್ಟು ಮುಚ್ಚಿ, ದಾರ ಹಲ್ಲಿನಿಂದ ಕಡಿದರು.

4.30ಕ್ಕೆ ಲೆಕ್ಕ ಮಾಡಿದಾಗ ಕತ್ತರಿ 4 ಬಂದಿದ್ದವು. ಸೂಜಿ 10 ಮಾತ್ರ. ಚಾಪೆ ಕೊಡವಿ, ನೆಲ ಸವರಿ ಹುಡುಕುತ್ತಿದ್ದಾಗ ಆ ಅವ್ವ ಬಾಗಿಲಲ್ಲಿ ತಿರುಗಿ ನಿಂತು ತಮ್ಮ ತುಂಡನ್ನು ಬಿಚ್ಚಿ ತೋರಿಸಿದರು. ಸೆರಗಿನ ದಪ್ಪದ ಪಕ್ಕದಲ್ಲಿ, ದಾರದ ಸಮೇತ, ಸೂಜಿ ಚುಚ್ಚಿಕೊಂಡೇ ಇತ್ತು.

"ಇಲ್ಲೈತ್ರಿ. ಇನ್ನೂ ಮುಗದಿಲ್ಲ ಇದು."

ನೋಟ್‌ಬುಕ್ಕಿನಲ್ಲಿ ಹೀಗೆ ಬರೆದೆವು: ಸೂಜಿ 10, ಒಂದು ಕೆಲಸದಲ್ಲಿದೆ.